ಹಾಡು ಬಂದ್ ಮಾಡ್ರಿ

ನಮ್ಮ ದೊಡ್ಡವ್ವ ಬರುವುದು ಕಂಡರೆ ಇಂಡಿ ಬಜಾರದ ಟೇಪ್ ರೆಕಾರ್ಡರುಗಳೆಲ್ಲ ಗಪ್‌ಚಿಪ್ಪಾಗುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ತೊಂಬತ್ತರ ದಶಕ ಅದು. ಬಟ್ಟೆ ಅಂಗಡಿ, ಪಾತ್ರೆ ಮಾರುವ ಭಾಂಡೆ ಅಂಗಡಿ, ಕಡೆಗೆ ಗೊಬ್ಬರದ ಅಂಗಡಿಯಲ್ಲೂ ಹಾಡು! ಯೂರಿಯಾ ಚೀಲಕ್ಕೆ ಪ್ರೇಮಗೀತೆ ಯಾಕೆ ಬೇಕು ಹೇಳಿ?

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಅವಳು ಸಾಮಾನು ಕೊಳ್ಳುತ್ತಿದ್ದುದು ಕಣ್ಣಿನಿಂದಲ್ಲ, ಕಿವಿಯಿಂದ. ಕೊಡವನ್ನು ಬೆರಳಿನಿಂದ ಬಡಿದು ನೋಡುತ್ತಿದ್ದಳು, ತೆಂಗಿನಕಾಯಿ ಅಲುಗಾಡಿಸುತ್ತಿದ್ದಳು. ಅಷ್ಟೇ ಆಗಿದ್ದರೆ ಸೈ, ಎಲ್ಲರ ಅವ್ವಂದಿರೂ ಮಾಡುತ್ತಾರೆ. ಇವಳು ಸೀರೆಯ ಸೆರಗನ್ನೂ ಕಿವಿಗೆ ಹಿಡಿದು ಉಜ್ಜುತ್ತಿದ್ದಳು! ಸೀರೆ ಏನು ಹೇಳುತ್ತದೆ ಎಂದು ಒಮ್ಮೆ ಕೇಳಿದೆ. "ಎರಡು ಒಗ್ಯಾಣಕ್ಕ ಸಾಯ್ತೇನಿ ಅಂತೈತಿ," ಎಂದು ಅಂಗಡಿಯವನ ಎದುರಿಗೇ ಹೇಳಿದಳು.

ಹೀಗಾಗಿ ಹಾಡು ಅವಳ ವೈರಿ. ಒಮ್ಮೆ ಬಟ್ಟೆ ಅಂಗಡಿಯ ಸಾವುಕಾರ ಹಟಕ್ಕೆ ಬಿದ್ದ. ಗಿರಾಕಿಗಳಿಗೆ ಹಾಡು ಬೇಕೇ ಬೇಕು, ಬೇಕಾದರೆ ಅವರನ್ನೇ ಕೇಳಿ ಎಂದ. ಕೇಳಿ ಎಂದರೆ ಇವಳು ಬಿಟ್ಟಾಳೆಯೇ? ಅಲ್ಲೇ ಪಂಚಾಯಿತಿ ಕೂಡಿಸಿದಳು. ಕನ್ನೊಳ್ಳಿಯ ರೈತನೊಬ್ಬ, ಹಾಡು ಕೇಳುವ ನೆವದಲ್ಲಿ ಫ್ಯಾನಿನ ಕೆಳಗೆ ಎಷ್ಟು ಹೊತ್ತು ಕೂತರೂ ಯಾರೂ ಏಳು ಅನ್ನುವುದಿಲ್ಲ ಎಂದ. ಮಾಸ್ತರರ ಹೆಂಡತಿ, ಹಾಡಿದ್ದರೆ ಒಂದು ಕುಬಸದ ಖಣ ಒಯ್ಯಲು ಬಂದವಳು ಮೂರು ಒಯ್ಯುತ್ತೇನೆ ಎಂದು ನಾಚಿಕೊಂಡಳು. ಅಜ್ಜನೊಬ್ಬ, ಹೆಂಡತಿ ಚೌಕಾಶಿ ಮಾಡುವುದು ತನಗೆ ಕೇಳಿಸುವುದಿಲ್ಲ, ಅದೇ ದೊಡ್ಡ ಪುಣ್ಯ ಎಂದ. ದೊಡ್ಡವ್ವ ತೀರ್ಪು ಕೊಟ್ಟಳು: "ಮೊದಲ ಮಂದಿ ಕಿವಿ ಮುಚ್ಚತೀರಿ, ಆಮ್ಯಾಲ ಕಿಸೆದಾಗ ಕೈ ಹಾಕತೀರಿ. ಬಂದ್ ಮಾಡ್ರಿ." ಸಾವುಕಾರ ಬಂದ್ ಮಾಡಿದ. ಜೊತೆಗೆ ಹೋಗಿದ್ದ ನಾವು ಮನೆಯ ಹುಡುಗರು ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದೆವು.

ನಗುವುದು ಇಲ್ಲಿಗೆ ಸಾಕು. ಈ ಹುಚ್ಚಿಗೆ ಒಂದು ಕಾರಣವಿತ್ತು. ನಮ್ಮ ಚಿಗವ್ವ, ಅಂದರೆ ದೊಡ್ಡವ್ವನ ತಂಗಿ, ಹೊಸ ಸಂಸಾರ ಹೂಡಿದಾಗ ಸೀಮೆಎಣ್ಣೆಯ ಪಂಪ್ ಸ್ಟೌ ಕೊಡಿಸಿದವಳು ದೊಡ್ಡವ್ವನೇ. ಅಂಗಡಿಯವನು ಹೊತ್ತಿಸಿ ತೋರಿಸುವಾಗ ರೇಡಿಯೋ ಜೋರಾಗಿ ಹಾಡುತ್ತಿತ್ತು. ಉರಿ ನೀಲಿಯಾಗಿತ್ತು, ಇವಳು ಸೈ ಎಂದು ತಲೆಯಾಡಿಸಿದಳು. ಮುಂದೆ ಒಂದು ಮುಂಜಾನೆ ಆ ಸ್ಟೌ ಸಿಡಿಯಿತು. ಚಿಗವ್ವ ಉಳಿಯಲಿಲ್ಲ. ತೊಟ್ಟಿಲಲ್ಲಿದ್ದ ಹೆಣ್ಣುಕೂಸು ಉಳಿಯಿತು. ಹಿರಿಯರು ಹಣೆಬರಹ ಎಂದರು. "ಹಣೆಬರಹ ಅಲ್ಲ. ಅದು ಸೋರೂ ಸಪ್ಪಳ ಹಾಡಿನಾಗ ಮುಳಗಿತ್ತು," ಎಂದಳು ದೊಡ್ಡವ್ವ. ಕೂಸನ್ನು ತಾನೇ ಸಾಕಿದಳು. ಮನೆಯಲ್ಲಿ ಕಟ್ಟಿಗೆ ಒಲೆ ಬಿಟ್ಟು ಬೇರೆ ಉರಿ ಹೊತ್ತಲಿಲ್ಲ.

ಆ ಕೂಸು ದೊಡ್ಡವಳಾದಳು, ಅವಳಿಗೆ ಝಳಕಿಯಲ್ಲಿ ಸಂಬಂಧ ಗಟ್ಟಿಯಾಯಿತು. ಗಂಡಿನ ಮನೆಯವರು ಗ್ಯಾಸಿಗೆ ಹೆಸರು ಹಚ್ಚಿದ್ದರು, ಪಾಳಿ ಬಂದಿರಲಿಲ್ಲ. ಅಲ್ಲಿಯವರೆಗೆ ಒಂದು ಸ್ಟೌ ಬೇಕು ಎಂದರು. ದೊಡ್ಡವ್ವ ಎರಡು ದಿನ ಊಟ ಬಿಟ್ಟಳು. ಕಡೆಗೆ, ನಾನೇ ಕೇಳಿ ಆರಿಸಿ ಕೊಡುತ್ತೇನೆ ಎಂದು ಎದ್ದಳು.

ಭಾಂಡೆ ಅಂಗಡಿಯಲ್ಲಿ ನಾವು ಮೂವರು: ದೊಡ್ಡವ್ವ, ಮದುವೆಯ ಹುಡುಗಿ, ನಾನು. ಅಂಗಡಿಯವನು ಸ್ಟೌ ಹೊತ್ತಿಸಿ ಪಂಪು ಹೊಡೆದ. ದೊಡ್ಡವ್ವ ಬಗ್ಗಿ ಕಿವಿ ಕೊಟ್ಟಳು. ಹುಬ್ಬು ಗಂಟಿಕ್ಕಿದಳು. ಮತ್ತೂ ಬಗ್ಗಿದಳು.

"ಆ ಹಾಡು ಬಂದ್ ಮಾಡೋ ತಮ್ಮಾ. ಇದರ ಸಪ್ಪಳ ಕೇಳಸವಲ್ದು."

ಅಂಗಡಿಯಲ್ಲಿ ಹಾಡೇ ಇರಲಿಲ್ಲ. ಕರೆಂಟು ಹೋಗಿತ್ತು.

ಆ ವರ್ಷ ಅವಳು ನಾವು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ವಯಸ್ಸಿನ ಹಟ ಎಂದು ನಾವು ಚೇಷ್ಟೆ ಮಾಡಿದ್ದೆವು. ಅಂಗಡಿಯವನು ನನ್ನ ಮುಖ ನೋಡಿದ. ಆಮೇಲೆ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಸತ್ತಂತೆ ಬಿದ್ದಿದ್ದ ಟೇಪಿನ ಹತ್ತಿರ ಹೋಗಿ ಗುಂಡಿ ತಿರುವಿದಂತೆ ಮಾಡಿದ. ದೊಡ್ಡವ್ವ ಮತ್ತೆ ಕಿವಿ ಕೊಟ್ಟಳು. ನಿಧಾನವಾಗಿ ತಲೆಯೆತ್ತಿ ನಿಂತುಹೋಗಿದ್ದ ಫ್ಯಾನ್ ನೋಡಿದಳು.

"ಕರೆಂಟ್ ಹೋಗಿ ಎಷ್ಟೊತ್ತಾತು?"

ಅಂಗಡಿಯವನು ಟೇಪಿನ ಗುಂಡಿಯ ಮೇಲಿನ ಕೈ ತೆಗೆದ. ಅವಳು ಅಳಲಿಲ್ಲ. ಹುಡುಗಿಯ ರಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂಡಿಸಿದಳು.

"ಇನ್ನ ನೀನ ಕೇಳಬೇಕು, ಮಗಳ. ನನಗ ಬ್ಯಾಸರ ಆಕ್ಕೈತಿ ಅಂತ ಸುಳ್ಳು ಹೇಳಬ್ಯಾಡ."

ಹುಡುಗಿ ಬಗ್ಗಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಪಂಪಿನ ಬುಡವನ್ನು ಬೆರಳಿನಿಂದ ತೋರಿಸಿ ಬೇಡ ಎಂದು ತಲೆಯಾಡಿಸಿದಳು. ಅಂಗಡಿಯವನು ಕಿವಿ ಕೊಟ್ಟು ನೋಡಿ, ಅದನ್ನು ನಂದಿಸಿ ಬೇರೊಂದು ತಂದು ಹೊತ್ತಿಸಿದ. ಹುಡುಗಿ ಅದಕ್ಕೂ ಕಿವಿ ಕೊಟ್ಟಳು. ದೊಡ್ಡವ್ವ ಸ್ಟೌ ನೋಡುತ್ತಿರಲಿಲ್ಲ, ಹುಡುಗಿಯ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಬಂತು. ಫ್ಯಾನ್ ತಿರುಗಿತು. ಬಜಾರದ ತುಂಬ ಎಲ್ಲ ಅಂಗಡಿಗಳ ಹಾಡೂ ಒಮ್ಮೆಲೇ ಶುರುವಾಯಿತು, ನಾವಿದ್ದ ಅಂಗಡಿಯ ಟೇಪಿನದೂ. ದೊಡ್ಡವ್ವ ಅಲುಗಲಿಲ್ಲ.

ಸ್ಟೌ ಮುಂದೆ ಬಗ್ಗಿದ್ದ ಹುಡುಗಿ ತಲೆಯೆತ್ತದೆ ಕೈ ಮಾತ್ರ ಎತ್ತಿ, ಥೇಟ್ ದೊಡ್ಡವ್ವನ ದನಿಯಲ್ಲಿ ಹೇಳಿದಳು:

"ಹಾಡು ಬಂದ್ ಮಾಡ್ರಿ."