ಆಮ್ಲಜನಕಕ್ಕೆ ಆದ ಅವಮಾನ

ಅರ್ಥವಾಗದ ಪದಕ್ಕೆ ನಮ್ಮವರು ಕೊಡುವ ಮರ್ಯಾದೆಯನ್ನು ಅರ್ಥವಾಗುವ ಪದಕ್ಕೆ ಕೊಡುವುದಿಲ್ಲ. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟಿದೆ. ಸಿಟ್ಟೊಂದೇ ಸ್ವಂತದ್ದು, ಮಿಕ್ಕ ಸರಕೆಲ್ಲ ಎರವಲು. ಬಸ್ ಕಂಡಕ್ಟರನ ಮೂಗುದನಿ, ಮನೆ ಮಾಲೀಕರ ಕೆಮ್ಮು, ಆಫೀಸರ ಎದುರು ಇಂಗ್ಲಿಷ್ ಮಾತಾಡುವಾಗ ನಮ್ಮಪ್ಪ ಕೈ ಕಟ್ಟಿಕೊಳ್ಳುವ ಚೆಂದ, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಕನ್ನಡಿ ಮುಂದೆ ನಿಂತಾಗ ಮಾತ್ರ ಅಲ್ಲಿ ಕಾಣುವವನನ್ನು ಹೇಗೆ ಮಾಡುವುದೆಂದು ತಿಳಿಯುವುದಿಲ್ಲ.

ಜಯನಗರದ ನಮ್ಮ ಕಾಲೇಜಿಗೆ ಪುಟ್ಟರಾಜು ಹೊಸಕೆರೆಹಳ್ಳಿಯಿಂದ ಬರುತ್ತಿದ್ದ. ಹತ್ತನೆಯ ತರಗತಿವರೆಗೂ ಕನ್ನಡ ಮೀಡಿಯಂ. ಕಬ್ಬಿಣ ತುಕ್ಕು ಹಿಡಿಯಲು ಯಾವ ಅನಿಲ ಕಾರಣವೆಂದು ಕೆಮಿಸ್ಟ್ರಿ ಲೆಕ್ಚರರು ಕೇಳಿದಾಗ ಎದ್ದುನಿಂತು ಆಮ್ಲಜನಕ ಅಂದುಬಿಟ್ಟ. ಲೆಕ್ಚರರು ಮೇಜು ಹಿಡಿದುಕೊಂಡು ನಕ್ಕರು.

"ಯಾರಪ್ಪಾ ಅದು, ಯು ಸೀ? ಜನಕ ಮಹಾರಾಜರ ತಮ್ಮಾನಾ?"

ಅಂದಿನಿಂದ ಹಾಜರಿಯಲ್ಲೂ ಅವನಿಗೆ ಆಮ್ಲಜನಕ ಎಂದೇ ಹೆಸರು. ಸಮೀಕರಣಗಳನ್ನು ನೀರು ಕುಡಿದಂತೆ ಬಿಡಿಸುವ ಹುಡುಗ ಕೊನೆಗೊಂದು ದಿನ ನನ್ನನ್ನು ಮೂಲೆಗೆ ಕರೆದ.

"ಸೋಮವಾರ ಆರ್ಟ್ಸ್‌ಗೆ ಹೋಗ್ತೀನಿ ಮಗಾ. ಸೈನ್ಸು ನಮ್ಮಂಥೋರಿಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಹೋದರೆ ನನ್ನ ಸಮೀಕರಣಗಳನ್ನು ಯಾರು ಬಿಡಿಸಬೇಕು?

ಅದೇ ಉರಿಯಲ್ಲಿ ಲೈಬ್ರರಿಗೆ ನುಗ್ಗಿ, ದಿಂಬಿನಷ್ಟು ದಪ್ಪದ ಡಿಕ್ಷನರಿ ತೆಗೆದು ಆಕ್ಸಿಜನ್ನಿನ ಕುಲಗೋತ್ರ ಕೆದಕಿದೆ. ಫ್ರಾನ್ಸಿನ ವಿಜ್ಞಾನಿಯೊಬ್ಬ ಗ್ರೀಕಿನ ಎರಡು ಮಾತು ಹೊಲಿದು ಇಟ್ಟ ಹೆಸರಂತೆ: ಒಂದಕ್ಕೆ ಹುಳಿ ಎಂದರ್ಥ, ಇನ್ನೊಂದಕ್ಕೆ ಹುಟ್ಟಿಸುವವನು. ಅಂದರೆ ಸಾಕ್ಷಾತ್ ಆಮ್ಲಜನಕ! ಈ ಅನಿಲವಿಲ್ಲದೆ ಆಮ್ಲವೇ ಇಲ್ಲವೆಂದು ಪುಣ್ಯಾತ್ಮ ನಂಬಿದ್ದ. ಅದೂ ತಪ್ಪು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೇ ಇಲ್ಲ. ನಮ್ಮ ಪಂಡಿತರು ಆ ತಪ್ಪನ್ನೂ ಚಾಚೂ ತಪ್ಪದೆ ಕನ್ನಡಕ್ಕೆ ತಂದಿದ್ದರು. ಒಂದೇ ಹೆಸರು ಸೂಟು ಹಾಕಿಕೊಂಡು ಬಂದರೆ ನಮಸ್ಕಾರ, ಪಂಚೆ ಉಟ್ಟು ಬಂದರೆ ನಗುವೇ?

ಮರುದಿನ ಕ್ಲಾಸಿನಲ್ಲಿ ಎದ್ದುನಿಂತೆ. ಆದರೆ ಯಾರ ಮೇಲೆ ಸಿಟ್ಟು ಬರುತ್ತದೋ ಅವರೇ ನನ್ನ ಬಾಯಲ್ಲಿ ಮಾತಾಡುವುದು ನನ್ನ ಕರ್ಮ. ಲೆಕ್ಚರರ ಹಾಗೆಯೇ ಬೆಲ್‌ಬಾಟಂ ಮೇಲಕ್ಕೆಳೆದುಕೊಂಡು, ಅವರದೇ ದನಿಯಲ್ಲಿ ಶುರುಮಾಡಿದೆ.

"ಯು ಸೀ, ಆಕ್ಸಿಜನ್ ಅಂದ್ರೂ ಆಮ್ಲಜನಕಾನೇ, ಯು ಸೀ. ಅದೂ ತಪ್ಪು ಹೆಸರು, ಯು ಸೀ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಗ್ರೀಕು, ಫ್ರಾನ್ಸು, ಹೈಡ್ರೋಕ್ಲೋರಿಕ್ಕು, ಒಂದೂ ಯಾರ ಕಿವಿಗೂ ಬೀಳಲಿಲ್ಲ. ಲೆಕ್ಚರರು ಬಾಗಿಲ ಕಡೆ ಬೆರಳು ತೋರಿಸಿದರು.

ಕ್ಲಾಸು ಮುಗಿದ ಮೇಲೆ ಪುಟ್ಟರಾಜು ನಕ್ಕು ನಕ್ಕು ನೀರಾಡಿದ ಕಣ್ಣೊರೆಸಿಕೊಳ್ಳುತ್ತಾ ಬಂದ. "ಇನ್ಮೇಲೆ ಅವರು ಏನಂದ್ರೂ ನೀನೇ ಅಂದಂಗಿರುತ್ತೆ ಗುರು. ಭಯ ಹೋಯ್ತು. ಇಲ್ಲೇ ಇರ್ತೀನಿ."

ಇದ್ದಾನೆ. ಪ್ರಿನ್ಸಿಪಾಲರು ನಮ್ಮಪ್ಪನನ್ನು ಕರೆಸಿದರು. ಸೋಮವಾರ ಆರ್ಟ್ಸ್‌ಗೆ ಹೋದವನು ನಾನು. ಇಲ್ಲಿಯ ಇತಿಹಾಸದ ಮೇಷ್ಟ್ರು ದೇವರಂಥವರು, ಯಾರನ್ನೂ ನೋಯಿಸುವುದಿಲ್ಲ. ಅವರನ್ನು ಹೇಗೆ ಅಣಕಿಸುವುದೆಂದು ತೋಚದೆ ಸುಮ್ಮನೆ ಪಾಠ ಕೇಳಬೇಕಾಗಿ ಬಂದಿದೆ.