ಜೌಗಿನ ಹಕ್ಕಿಯ ಸಂಸಾರ

ಪಕ್ಷಿವೀಕ್ಷಕರ ವ್ಯಾನಿನಲ್ಲಿ ಉಳಿದಿದ್ದುದು ಒಂದೇ ಸೀಟು. ಆ ಮನೆಯಲ್ಲಿ ಹಕ್ಕಿಯ ಹುಚ್ಚು ಹಿಡಿದವರು ಮಾತ್ರ ಇಬ್ಬರು, ಟೈಲರ್ ಮತ್ತು ಅವನ ಹೆಂಡತಿ. ನಾಳೆ ಒಬ್ಬರು ಹೊರಟರೆ ಇನ್ನೊಬ್ಬರು ಅವಳಿ ಕೂಸುಗಳ ಜೊತೆ ಮನೆಯಲ್ಲಿ. ಆ ಕೂಸುಗಳೋ, ಒಂದು ಮಲಗಿದರೆ ಇನ್ನೊಂದು ಏಳುವ ಜಾತಿಯವು.

"ಹಿತ್ತಲ ಜೌಗಲ್ಲಿ ಗೂಡು ಕಟ್ಟಿರೋ ಜೋಡಿ ನೋಡು," ಎಂದ ಟೈಲರ್. "ಮಿಂಚ್ತಾ ಊರು ಸುತ್ತೋದು ಗಂಡು. ಮಂಕಾಗಿ ಗೂಡಲ್ಲಿ ಕೂತಿರೋದು ಹೆಣ್ಣು. ಪ್ರಕೃತಿನೇ ಹಾಗೆ ಕಣೇ."

"ಆಗ್ಲಿ ರೀ, ಆ ಹಕ್ಕಿಗಳು ಹೇಗೋ ನಾವೂ ಹಾಗೇ. ಆದ್ರೆ ಅದ್ಯಾವ ಹಕ್ಕಿ ಅಂತ ಮೊದಲು ಗೊತ್ತಾಗ್ಲಿ. ನಾಳೆ ವ್ಯಾನಲ್ಲಿ ಹೋಗೋ ಹಕ್ಕಿ ಮೇಷ್ಟ್ರು ಸಂಜೆ ಬರ್ತಾರಲ್ಲ, ಫೋಟೋ ತೋರ್ಸಿ."

ಟೈಲರ್ ಮೊಬೈಲು ಬಿಗಿಹಿಡಿದು, ಪ್ಯಾಂಟು ಮಡಚಿ ಜೊಂಡಿನೊಳಗೆ ನುಗ್ಗಿದ. ಕೆಸರು ಮೊದಲು ಚಪ್ಪಲಿ ನುಂಗಿತು, ಆಮೇಲೆ ಮೊಣಕಾಲು.

"ಅದು ಬರೀ ನೀರುಕೋಳಿ, ಬಾರಯ್ಯ ಆಚೆ!" ಗೋಡೆಯಾಚೆಯಿಂದ ಕೂಗಿದರು ಪಕ್ಕದ ಮನೆಯ ಪೋಸ್ಟ್‌ಮಾಸ್ಟರ್.

"ನೀರುಕೋಳಿಗೆ ಇಷ್ಟುದ್ದ ಕೊಕ್ಕು ಎಲ್ಲಿಂದ ಬರ್ಬೇಕು ಸಾರ್?" ಎನ್ನುವಷ್ಟರಲ್ಲಿ ಸೊಂಟದವರೆಗೂ ಹೂತುಹೋದ. ನೆರೆಹೊರೆಯವರೆಲ್ಲ ಸೇರಿ ಬಟ್ಟೆ ಒಣಹಾಕುವ ಹಗ್ಗ ಎಸೆದು, ಬಾವಿಗೆ ಬಿದ್ದ ಕೊಡದಂತೆ ಎಳೆದು ಹಾಕಿದರು. ಮೈ ತೊಳೆದುಕೊಂಡವನೇ ಮತ್ತೆ ಇಳಿದ. ಸಂಜೆ ಹೊತ್ತಿಗೆ ಫೋಟೋ ಸಿಕ್ಕೇಬಿಟ್ಟಿತು.

ಮೇಷ್ಟ್ರು ಹೆಂಡತಿಯೊಂದಿಗೆ ಬಂದರು. ಕನ್ನಡಕ ಏರಿಸಿ ನೋಡಿದರು.

"ಭೇಷ್! ಬಣ್ಣದ ಉಲ್ಲಂಕಿ! ಉದ್ದ ಕೊಕ್ಕು, ಕಣ್ಸುತ್ತ ಬಿಳಿ ಪಟ್ಟೆ. ಆಳವಿಲ್ಲದ ನೀರು, ಕೆಸರು, ಜೊಂಡು ಇರೋ ಕಡೆನೇ ಇದರ ಬಿಡಾರ."

ಟೈಲರ್ ಉಬ್ಬಿಹೋದ. ಚೀಲ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದ.

"ಇದರ ಸಂಸಾರ ತಮಾಷೆ ಕಣಪ್ಪ," ಮೇಷ್ಟ್ರು ಮುಂದುವರಿಸಿದರು. "ಬಣ್ಣದ್ದೇ ಹೆಣ್ಣು. ಮೊಟ್ಟೆ ಇಟ್ಟು ಹೊರಟೇ ಹೋಗುತ್ತೆ. ಕಾವು ಕೂರೋದು, ಮರಿ ಸಾಕೋದು ಎಲ್ಲ ಈ ಮಂಕು ಗಂಡಿನ ಕೆಲಸ."

ಟೈಲರನ ಮುಖ ಸಪ್ಪಗಾಯಿತು. ಹೆಂಡತಿ ಆಗಲೇ ಚೀಲ ತುಂಬುತ್ತಿದ್ದಳು.

"ನೀರುಕೋಳಿ ಅಂತ ಒಪ್ಕೊಂಡಿದ್ರೆ ಏನಾಗ್ತಿತ್ತಯ್ಯ?" ಪೋಸ್ಟ್‌ಮಾಸ್ಟರ್ ಗೋಡೆಯಾಚೆಯಿಂದಲೇ ಮರುಗಿದರು.

ಬೆಳಿಗ್ಗೆ ವ್ಯಾನು ಹೊರಟಿತು. ಟೈಲರ್ ಎರಡು ತೊಡೆಯ ಮೇಲೆ ಎರಡು ಕೂಸು ಕುಣಿಸುತ್ತ ಜಗಲಿಯಲ್ಲಿ ಕೂತಿದ್ದಾಗ ಗೇಟು ಕಿರುಗುಟ್ಟಿತು. ಅಳುವ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಮೇಷ್ಟ್ರು ನಿಂತಿದ್ದರು.

"ಮೇಷ್ಟ್ರೇ, ನೀವು ಹೋಗ್ಲಿಲ್ವಾ?"

"ನಿನ್ನೆ ನಾನು ಹೇಳಿದ್ದನ್ನ ನಮ್ಮನೆಯವಳೂ ಕೇಳಿಸ್ಕೊಂಡ್ಳಪ್ಪ," ಎಂದರು ಮೇಷ್ಟ್ರು. "ಸ್ವಲ್ಪ ಸರ್ಕೋ."