ಒಂದು ಸೈಜ್ ದೊಡ್ಡ ಸೈಕಲ್

ಅಳತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ. ಬಂಟ್ವಾಳ ಪೇಟೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟವನು ನಾನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಕಾಲರಿನ ಅಳತೆ, ಸೊಂಟದ ಸುತ್ತಳತೆ, ಜೇಬಿನ ಆಳ ಮೂರನ್ನೂ ಕುಳಿತಲ್ಲಿಂದಲೇ ಹೇಳಬಲ್ಲೆ.

ನನ್ನ ವ್ಯಾಪಾರ ನಿಂತಿರುವುದು ಎರಡು ತತ್ವಗಳ ಮೇಲೆ. ಮೊದಲನೆಯದು ನಡುವಿನ ಕಪಾಟಿನ ತತ್ವ. ಕಡಿಮೆ ಬೆಲೆಯದ್ದು ಬಣ್ಣ ಬಿಡುತ್ತದೆ, ಹೆಚ್ಚು ಬೆಲೆಯದ್ದು ಗಿರಾಕಿಯನ್ನೇ ಓಡಿಸಿಬಿಡುತ್ತದೆ. ಆದ್ದರಿಂದ ಯಾರು ಬಂದರೂ "ನಡುವಿನದ್ದು ತೆಗೊಳ್ಳಿ, ಮೋಸ ಇಲ್ಲ" ಎನ್ನುತ್ತೇನೆ. ಎರಡನೆಯದು ಶಾಲೆ ಶುರುವಾಗುವ ಕಾಲದ್ದು. ಯೂನಿಫಾರ್ಮಿಗೆ ಬಂದ ತಾಯಂದಿರಿಗೆ ನಾನು ಹೇಳುವ ಮಾತು ಒಂದೇ: "ಒಂದು ಸೈಜ್ ದೊಡ್ಡದೇ ಇರಲಿ ಅಕ್ಕಾ, ಬೆಳೆಯುವ ಮಗು. ರೇಟು ಒಂದೇ ಅಲ್ವಾ?" ಈ ತಾಲೂಕಿನ ಮಕ್ಕಳು ಮೊಣಕೈ ದಾಟಿದ ಅರ್ಧ ತೋಳಿನ ಅಂಗಿಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ್ದರೆ ಅದರ ಹೊಣೆ ನನ್ನದು.

ಇಂಥ ನನಗೆ ನಲುವತ್ತೇಳನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಒಂದು ಗೇರ್ ಸೈಕಲ್ ಕೊಂಡೆ. ನನ್ನ ಅಂಗಡಿಗೆ ತಾಗಿಯೇ ಹೋಟೆಲ್ ಇಟ್ಟಿರುವ ಭಾಸ್ಕರಣ್ಣ ತಾನೂ ಒಂದು ಕೊಂಡು ಜೊತೆಯಾದರು. ಪ್ರತಿ ಭಾನುವಾರ ಬೆಳಗಿನ ಜಾವದ ಸುಬಹಿ ನಮಾಝ್ ಮುಗಿಸಿ ನಾನು ಹೊರಡುವುದು, ಬಂಟ್ವಾಳದಿಂದ ಪುಂಜಾಲಕಟ್ಟೆಗೆ ಹೋಗಿ ಚಹಾ ಕುಡಿದು ಇಬ್ಬರೂ ವಾಪಸು ಬರುವುದು. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ವಗ್ಗ ದಾಟಿದ ಮೇಲೆ ಒಂದು ಏರು ಉಂಟು. ನನಗಿಂತ ಐದು ವರ್ಷ ದೊಡ್ಡವರು, ತಮ್ಮ ಹೋಟೆಲಿನ ಗೋಳಿಬಜೆಯನ್ನು ತಾವೇ ಅರ್ಧ ಖಾಲಿ ಮಾಡುವವರು, ಆ ಭಾಸ್ಕರಣ್ಣ ನನಗಿಂತ ಮೊದಲು ಏರು ಹತ್ತಿ ಮೋರಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ನಾನು ಏದುಸಿರು ಬಿಡುತ್ತ ಬಂದಾಗ ಒಂದೇ ಒಂದು ಮಾತು ಕೇಳುತ್ತಿದ್ದರು.

"ಬಂದ್ರಾ?"

ಬೈದಿದ್ದರೆ ಸಹಿಸುತ್ತಿದ್ದೆ. ಆ "ಬಂದ್ರಾ" ಎಂಬುದು ವಾರವಿಡೀ ಕಿವಿಯಲ್ಲಿ ಉಳಿಯುತ್ತಿತ್ತು. ಕೊನೆಗೆ ದೋಷ ನನ್ನ ಕಾಲಿನದ್ದಲ್ಲ, ಸೈಕಲ್ಲಿನದ್ದು ಎಂಬ ತೀರ್ಮಾನಕ್ಕೆ ಬಂದೆ. ಇಂಟರ್ನೆಟ್ ಸೆಂಟರಿನಲ್ಲಿ ಕುಳಿತು ನೋಡಿದಾಗ ರೇಸಿನವರು ತುಳಿಯುವುದು ಕಾರ್ಬನ್ ಸೈಕಲ್, ಅದು ಕಬ್ಬಿಣದ್ದಕ್ಕಿಂತ ಎಷ್ಟೋ ಹಗುರ ಎಂದು ಗೊತ್ತಾಯಿತು. ನನ್ನ ಹೆಂಡತಿ ಮೈಮುನಾಳ ತಮ್ಮ ನಾಸಿರ್ ದುಬೈಯಲ್ಲಿದ್ದ, ರಜೆಯಲ್ಲಿ ಬರುವವನಿದ್ದ. ಅವನಿಗೆ ಹೇಳಿದೆ. ಅವನು ಅಲ್ಲಿಯ ಸೈಕಲ್ ಅಂಗಡಿಯೊಳಗಿಂದಲೇ ಫೋನು ಮಾಡಿದ.

"ಭಾವ, ಕಾರ್ಬನ್‌ನಲ್ಲೇ ಮೂರು ನಮೂನೆ ಉಂಟು. ಕಡಿಮೆಯದ್ದು, ಮಧ್ಯಮ, ಮತ್ತೆ ರೇಸಿನವರದ್ದು. ಯಾವುದು ತರ್ಲಿ?"

"ನಡುವಿನದ್ದು. ಮೋಸ ಇಲ್ಲ."

"ಸೈಜ್ ಯಾವುದು? ಐವತ್ತರಿಂದ ಅರುವತ್ತರವರೆಗೆ ಉಂಟು. ಕಾಲಿನ ಅಳತೆ ತೆಗೆದು ಹೇಳ್ಬೇಕಂತೆ."

"ರೇಟು?"

"ಸೈಜಿಗೆ ರೇಟು ಬೇರೆ ಇಲ್ಲ ಭಾವ. ಎಲ್ಲದಕ್ಕೂ ಒಂದೇ."

"ಹಾಗಾದ್ರೆ ಅರುವತ್ತು!"

"ಭಾವ, ಅಂಗಡಿಯವ ಏನು ಹೇಳ್ತಾನೆಂದ್ರೆ..."

"ನಾಸಿರ್, ಅಂಗಡಿಯವರು ಏನು ಹೇಳ್ತಾರೆ ಅಂತ ನನಗೆ ಹೇಳ್ಬೇಡ ಮಾರಾಯ. ನಾನೇ ಅಂಗಡಿಯವ. ಚಿಕ್ಕ ಸೈಜಿನ ಸ್ಟಾಕು ಉಳಿದಿರ್ತದೆ, ಅದನ್ನು ನಮ್ಮ ತಲೆಗೆ ಕಟ್ಲಿಕ್ಕೆ ನೋಡ್ತಾನೆ."

ನನ್ನ ಎತ್ತರ ಐದಡಿ ಮೂರು ಇಂಚು. ಇದನ್ನು ಇಷ್ಟು ಹೊತ್ತು ಹೇಳಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಅದು ಯಾರಿಗೂ ಬೇಕಾಗಿರಲಿಲ್ಲ.

ಸೈಕಲ್ ಬಂತು. ನಾಸಿರ್ ಬಿಡಿಭಾಗಗಳನ್ನು ಜೋಡಿಸಿ ನಮ್ಮ ಜಗಲಿಯಲ್ಲಿ ನಿಲ್ಲಿಸಲು ನೋಡಿದ, ಸ್ಟ್ಯಾಂಡ್ ಇರಲಿಲ್ಲ. ಕ್ಯಾರಿಯರ್ ಇರಲಿಲ್ಲ. ಬೆಲ್ಲೂ ಇರಲಿಲ್ಲ. ಮೈಮುನಾ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು.

"ಇದರಲ್ಲಿ ಏನೂ ಇಲ್ಲವಲ್ಲ! ಪೂರಾ ಪ್ಲಾಸ್ಟಿಕ್. ಎಷ್ಟು ಕೊಟ್ರಿ ಇದಕ್ಕೆ?"

"ಡಿಸ್ಕೌಂಟಿನಲ್ಲಿ ಸಿಕ್ಕಿತು," ಎಂದೆ. ನಾಸಿರ್ ಮಾಡಿನ ಹೆಂಚು ಎಣಿಸತೊಡಗಿದ. ಆ ಸೈಕಲ್ಲಿನ ಬೆಲೆ ಇಂದಿಗೂ ನಮ್ಮಿಬ್ಬರ ಹೊರತು ಮೂರನೆಯವರಿಗೆ ಗೊತ್ತಿಲ್ಲ.

ನಾನು ಗಂಭೀರವಾಗಿ ಹೋಗಿ ಸೈಕಲ್ಲಿನ ಪಕ್ಕದಲ್ಲಿ ನಿಂತೆ. ಅದರ ಅಡ್ಡದಂಡೆ ಹೆಚ್ಚುಕಡಿಮೆ ನನ್ನ ಹೊಕ್ಕುಳಿಗೆ ಬಂತು. ಮೈಮುನಾ ನನ್ನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ ಕೇಳಿದಳು: "ಬೆಳೆಯುವ ಮಗುವಾ ನೀವು?"

ಒಗೆದರೆ ಸ್ವಲ್ಪ ಕುಗ್ಗಬಹುದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ವಾಪಸು ಕೊಡುವ ಮಾತಿಲ್ಲ, ದುಬೈಗೆ ಯಾರು ಹೊತ್ತುಕೊಂಡು ಹೋಗುವುದು? "ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂದು ನನ್ನ ಅಂಗಡಿಯಲ್ಲಿ ನಾನೇ ಬೋರ್ಡು ಹಾಕಿದ್ದೇನೆ. ಅದನ್ನು ಓದುವಾಗ ಗಿರಾಕಿಗಳ ಮುಖ ಏಕೆ ಹಾಗಾಗುತ್ತದೆ ಎಂದು ಆಗ ಗೊತ್ತಾಯಿತು.

ಆದರೂ ನಾನು ಸೋಲುವವನಲ್ಲ. ಸೀಟನ್ನು ಪೂರ್ತಿ ಕೆಳಗಿಳಿಸಿದೆ. ಅಂಗಡಿಯ ಜಗಲಿಯ ಮೇಲೆ ನಿಂತು ಹತ್ತಿ, ಗೋಡೆಯನ್ನು ದೂಡಿ ಹೊರಟೆ. ಪೆಡಲು ಕೆಳಗೆ ಹೋದಾಗ ನನ್ನ ಹೆಬ್ಬೆರಳು ಮಾತ್ರ ಅದನ್ನು ಹಿಂಬಾಲಿಸುತ್ತಿತ್ತು. ಹೊರಟ ಮೇಲೆ ಮಾತ್ರ, ಸತ್ಯ ಹೇಳಬೇಕು, ಅದು ಹಾರಿತು! ವಗ್ಗದ ಏರಿನಲ್ಲಿ ಭಾಸ್ಕರಣ್ಣನನ್ನು ಹಿಂದೆ ಹಾಕಿ, ಅವರದೇ ಮೋರಿಯ ಕಟ್ಟೆಗೆ ಕಾಲು ಕೊಟ್ಟು ನಿಂತು, ಅವರು ಬಂದಾಗ "ಬಂದ್ರಾ?" ಎಂದೆ. ಆ ದಿನದ ಸಂತೋಷವನ್ನು ನನ್ನ ನಿಕಾಹ್‌ನ ದಿನವೂ ಕಂಡಿರಲಿಲ್ಲ. ಇದು ಮೈಮುನಾಳ ಕಿವಿಗೆ ಬೀಳದಿರಲಿ.

ಒಂದೇ ತೊಂದರೆ. ಕಾಲು ನೆಲಕ್ಕೆ ತಾಗದ ಕಾರಣ ಎಡಬದಿಯಲ್ಲಿ ಕಟ್ಟೆ ಇದ್ದಲ್ಲಿ ಮಾತ್ರ ನನಗೆ ನಿಲ್ಲಲು ಆಗುತ್ತಿತ್ತು. ಬಂಟ್ವಾಳದಿಂದ ಪುಂಜಾಲಕಟ್ಟೆವರೆಗಿನ ಮೋರಿ, ಮೈಲುಗಲ್ಲು, ಬಸ್ಸು ತಂಗುದಾಣ ಎಲ್ಲವೂ ನನಗೆ ಬಾಯಿಪಾಠವಾದವು. ನಡುವೆ ಯಾರು ಕೂಗಿದರೂ ನಾನು ನಿಲ್ಲುವಂತಿಲ್ಲ. ನಮ್ಮ ಕಡೆ ದಾರಿಯಲ್ಲಿ ಯಾರಾದರೂ "ಎಲ್ಲಿಗೆ ಹೊರಟದ್ದು?" ಎಂದರೆ ನಿಂತು, ಒಂದು ಕಾಲು ನೆಲಕ್ಕಿಟ್ಟು, "ಇಲ್ಲೇ" ಎನ್ನಬೇಕು. ಹಾಗೆ ಮಾಡದವನು ದುಡ್ಡು ಮಾಡಿದ್ದಾನೆ, ಸೊಕ್ಕು ಬಂದಿದೆ ಎಂದೇ ಲೆಕ್ಕ.

ನನ್ನ ಮಗಳು ಶಾಹಿನಾಳ ಮದುವೆಯ ಮಾತು ನಡೆಯುತ್ತಿದ್ದದ್ದು ಇದೇ ಹೊತ್ತಿನಲ್ಲಿ. ಹುಡುಗ ಅಲ್ತಾಫ್, ಉಜಿರೆಯ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಅವನ ತಂದೆ ಅಬ್ದುಲ್ ರಹಿಮಾನ್ ಹಾಜಿಯವರದ್ದು ಪುಂಜಾಲಕಟ್ಟೆಯಲ್ಲಿ ರಸ್ತೆಗೆ ತಾಗಿಯೇ ಅಡಿಕೆ ಅಂಗಡಿ. ಅದಕ್ಕೂ ಮೊದಲು ಬಂದ ಸಂಬಂಧಗಳಿಗೆಲ್ಲ ಶಾಹಿನಾ ಮುಖ ತಿರುಗಿಸಿದ್ದಳು. ಈ ಹುಡುಗನ ಫೋಟೊವನ್ನು ಮಾತ್ರ ತೆಗೆದುಕೊಂಡು ಹೋದವಳು ವಾಪಸು ಕೊಡಲಿಲ್ಲ. ಹಾಜಿಯವರು ಒಮ್ಮೆ ನನ್ನ ಅಂಗಡಿಗೆ ಬಂದು, "ಸ್ವಲ್ಪ ವಿಚಾರಿಸಿ ಹೇಳ್ತೇವೆ, ನಮಗೆ ಕೊಡುವುದು ಬಿಡುವುದು ಏನೂ ಬೇಡ, ಜನ ಒಳ್ಳೆಯವರಾಗಿದ್ರೆ ಸಾಕು," ಎಂದು ಹೋಗಿದ್ದರು.

ಶಾಹಿನಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಉಪ್ಪಾ, ನೀವು ಏನೂ ಮಾಡುವುದು ಬೇಡ. ಸುಮ್ಮನೆ ಇದ್ರೆ ಸಾಕು."

ಸುಮ್ಮನೆಯೇ ಇದ್ದೆ. ಸೈಕಲ್ ಸುಮ್ಮನಿರಲಿಲ್ಲ.

ಆ ಭಾನುವಾರ ಪುಂಜಾಲಕಟ್ಟೆ ಪ್ರವೇಶಿಸುವಾಗ ಹಾಜಿಯವರು ಅಂಗಡಿಯ ಮುಂದೆ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ, "ಅಸ್ಸಲಾಮು ಅಲೈಕುಂ! ಬನ್ನಿ ಬನ್ನಿ, ಚಹಾ ಕುಡಿಯುವ!" ಎಂದರು. ಅಲ್ಲಿ ಕಟ್ಟೆ ಇರಲಿಲ್ಲ. ಕೈ ಎತ್ತಿದರೆ ಸೈಕಲ್ ವಾಲುತ್ತದೆ. "ವ ಅಲೈಕುಂ..." ಎಂದು ಶುರು ಮಾಡಿದೆ. ಉಳಿದದ್ದನ್ನು ಹೇಳುವಷ್ಟರಲ್ಲಿ ಮೀನು ಮಾರುಕಟ್ಟೆ ಬಂದಿತ್ತು.

ಮುಂದಿನ ವಾರ ಸಿದ್ಧತೆ ಮಾಡಿಕೊಂಡೇ ಹೋದೆ. ಅಂಗಡಿಗಿಂತ ಸ್ವಲ್ಪ ಹಿಂದೆ ಒಂದು ಮೋರಿ ಇತ್ತು. ಅಲ್ಲಿ ನಿಲ್ಲಿಸಿ, ಇಳಿದು, ನಡೆದು ಹೋಗುವುದೆಂದು ಲೆಕ್ಕ. ಹೋಗಿ ನೋಡಿದರೆ ಆ ಮೋರಿಯ ಉದ್ದಕ್ಕೂ ಮೈಸೂರಿಗೆ ಟ್ರಿಪ್ ಹೊರಟ ಶಾಲೆಯ ಮಕ್ಕಳು ಚೀಲ ಸಮೇತ ಕುಳಿತಿದ್ದರು! ಹಾಜಿಯವರು ಮತ್ತೆ ಸಲಾಂ ಹೇಳಿದರು. ನಾನು ಮತ್ತೆ "ವ ಅಲೈಕುಂ..." ಎನ್ನುತ್ತ ದಾಟಿದೆ. ಈ ಬಾರಿ ಅವರ ಮುಖದಲ್ಲಿ ನಗು ಇರಲಿಲ್ಲ.

ಮೂರನೆಯ ವಾರ ಅವರು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದರು. ನಾನು ತಲೆ ಬಗ್ಗಿಸಿ ಕೈಯಡಿಯಿಂದ ನುಸುಳಿದೆ.

ಮರುದಿನ ಪುಂಜಾಲಕಟ್ಟೆಯಲ್ಲಿರುವ ಮೈಮುನಾಳ ಚಿಕ್ಕಮ್ಮನ ಫೋನು ಬಂತು. ಹಾಜಿಯವರು ಹೇಳಿದರಂತೆ: "ಸಲಾಮಿಗೆ ಪೂರ್ತಿ ಜವಾಬು ಕೊಡದ ಅಹಂಕಾರಿಯ ಮನೆಯ ಸಂಬಂಧ ನಮಗೆ ಬೇಡ."

ಶಾಹಿನಾ ಅಳಲಿಲ್ಲ. ಒಳಗಿನಿಂದ ಫೋಟೊ ತಂದು ನನ್ನ ಮುಂದಿನ ಮೇಜಿನ ಮೇಲಿಟ್ಟು ಹೋದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಆ ಫೋಟೊದ ಮುಂದೆ ಕುಳಿತಾಗ ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು. ಮಗಳ ಬಾಳಿಗಿಂತ ಆ ಏರಿನ ಮೇಲಿನ "ಬಂದ್ರಾ" ನನಗೆ ದೊಡ್ಡದಾಯಿತೇ?

"ನಾಳೆಯೇ ಬಸ್ಸಿನಲ್ಲಿ ಹೋಗಿ ಮಾಫಿ ಕೇಳಿ ಬನ್ನಿ," ಎಂದಳು ಮೈಮುನಾ.

ಬುದ್ಧಿ ಇದ್ದವನು ಹೋಗುತ್ತಿದ್ದ. ನನಗೆ ಬೇರೆಯೇ ಹೊಳೆಯಿತು. ಬಸ್ಸಿನಲ್ಲಿ ಹೋಗಿ ಕಾಲು ತಾಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಸೈಕಲ್ಲಿನಲ್ಲೇ ಹೋಗಿ, ಅವರ ಅಂಗಡಿಯ ಮುಂದೆಯೇ ನಿಂತು ತೋರಿಸಬೇಕು! ಭಾಸ್ಕರಣ್ಣ ಮುಂಚಿತವಾಗಿ ಹೋಗಿ ಅಲ್ಲಿ ನಿಂತಿರುವುದು, ನಾನು ಬಂದ ಕೂಡಲೇ ಸೈಕಲ್ಲನ್ನು ಗಟ್ಟಿಯಾಗಿ ಹಿಡಿಯುವುದು ಎಂದು ಮಾತಾಯಿತು.

"ನೀವು ಬನ್ನಿ ಮಾರಾಯ್ರೆ, ನಾನು ಹಿಡೀತೇನೆ. ಮದುವೆ ಮನೆಯಲ್ಲಿ ಎಂಥೆಂಥ ಹಂಡೆ ಹಿಡಿದಿದ್ದೇನೆ," ಎಂದರು ಭಾಸ್ಕರಣ್ಣ.

ಭಾನುವಾರ ನಾನು ಪುಂಜಾಲಕಟ್ಟೆ ತಲುಪಿದಾಗ ಭಾಸ್ಕರಣ್ಣ ಅಲ್ಲಿದ್ದರು, ಸುಳ್ಳಲ್ಲ. ಹಾಜಿಯವರ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬಿಸ್ಕೂಟು. "ಭಾಸ್ಕರಣ್ಣಾ!" ಎಂದು ಕೂಗಿದೆ. ಅವರು ಗಾಬರಿಯಾಗಿ ಮೊದಲು ಚಹಾ ಎಲ್ಲಿಡುವುದೆಂದು ನೋಡಿದರು. ಅದೇ ಹೊತ್ತಿಗೆ ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನು ಹೊಡೆಯಿತು. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಯಾರಿಗೂ ಕಾಯುವುದಿಲ್ಲ. ನಾನು ಡಾಮರು ಬಿಟ್ಟು ಮಣ್ಣಿಗಿಳಿದೆ. ಬೆರಳಿನಷ್ಟು ದಪ್ಪದ ಟಯರು ತನಗೆ ಬೇಕಾದ ದಾರಿ ಹಿಡಿಯಿತು. ಅಂಗಡಿಯ ಮೆಟ್ಟಿಲಿಗೆ ಗೋಣಿ ಉರುಳಿಸಲೆಂದು ಒಂದು ಹಲಗೆ ಇಟ್ಟಿದ್ದರು. ಸೈಕಲ್ ಆ ಹಲಗೆ ಹತ್ತಿ, ಜಗಲಿ ದಾಟಿ, ಒಳಗೆ ಪೇರಿಸಿಟ್ಟ ಅಡಿಕೆ ಮೂಟೆಗಳಿಗೆ ಹೋಗಿ ಗುದ್ದಿತು.

ಕೊನೆಗೂ ನಿಂತೆ!

ಎರಡು ಮೂಟೆಗಳ ನಡುವೆ ತಲೆ ಸಿಕ್ಕಿದ್ದ ಸ್ಥಿತಿಯಲ್ಲೇ ಮೂರು ವಾರಗಳ ಬಾಕಿ ತೀರಿಸಿದೆ. "...ಮುಸ್ಸಲಾಂ, ಹಾಜಿಯವರೇ!"

ಒಳಗಿನಿಂದ ಒಬ್ಬ ಹುಡುಗ ಓಡಿ ಬಂದ. ಬಾಗಿಲಿನಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಫೋಟೊದಲ್ಲಿ ಕುಳಿತಿದ್ದವನು ಎದ್ದರೆ ಇಷ್ಟಾಗುತ್ತಾನೆಂದು ನನಗೆ ಹೇಗೆ ಗೊತ್ತಾಗಬೇಕು? ಅಲ್ತಾಫ್ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಸೈಕಲ್ಲನ್ನೂ ಎತ್ತಿದ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಸೈಕಲ್ಲನ್ನು ಹೊರಗೆ ತಂದು, ಸ್ಟ್ಯಾಂಡ್ ಸಿಗದೆ ಅಡ್ಡದಂಡೆಯ ಆಚೆ ಒಂದು ಕಾಲು ಹಾಕಿ ನಿಂತ. ಅವನ ಎರಡೂ ಪಾದಗಳು ನೆಲದ ಮೇಲೆ ಆರಾಮವಾಗಿ ಊರಿದ್ದವು.

ಹಾಜಿಯವರು ಮಗನ ಕಾಲು ನೋಡಿದರು. ಆಮೇಲೆ ಬೆಂಚಿನಿಂದ ನೇತಾಡುತ್ತಿದ್ದ ನನ್ನ ಕಾಲು ನೋಡಿದರು.

"ಇದು ಯಾರ ಸೈಕಲ್?"

"ನನ್ನದೇ."

"ನಿಮ್ಮ ಕಾಲು?"

"ನೆಲಕ್ಕೆ ತಾಗುವುದಿಲ್ಲ ಹಾಜಿಯವರೇ. ಅದಕ್ಕೇ ನಿಲ್ಲಿಸ್ಲಿಕ್ಕೆ ಆಗಲಿಲ್ಲ."

"ಮತ್ತೆ ಇಷ್ಟು ದೊಡ್ಡದು ಯಾಕೆ ತೆಗೊಂಡದ್ದು?"

"ರೇಟು ಒಂದೇ ಇತ್ತು."

ಹಾಜಿಯವರು ಗಡ್ಡ ನೀವಿಕೊಂಡು ಬಹಳ ಗಂಭೀರವಾಗಿ ಆಲೋಚಿಸಿದರು. ಆಮೇಲೆ ಭಾಸ್ಕರಣ್ಣನ ಕಡೆಗೆ ತಿರುಗಿ ತೀರ್ಪು ಕೊಟ್ಟರು: "ಅಹಂಕಾರ ಅಂತ ಸಂಬಂಧ ಬೇಡ ಹೇಳಿದ್ದೆ. ಬುದ್ಧಿ ಕಡಿಮೆ ಅಂತಾದ್ರೆ ಏನೂ ತೊಂದರೆ ಇಲ್ಲ."

ಮನೆಗೆ ಬಂದು ಮೇಜಿನ ಮೇಲಿದ್ದ ಫೋಟೊವನ್ನು ಶಾಹಿನಾಳ ಕೈಗೆ ಕೊಟ್ಟೆ. ಆಗ ಅತ್ತಳು. ನಾನೂ ಅತ್ತೆ, ಮೊಣಕಾಲಿನ ಗಾಯ ಉರಿಯುತ್ತಿದೆ ಎಂದು ಹೇಳಿದೆ.

ಮದುವೆ ಚೆನ್ನಾಗಿಯೇ ಆಯಿತು. ಹುಡುಗನ ಕಡೆಯವರು ಆಡಿದ ಮಾತಿನಂತೆ ಏನನ್ನೂ ಕೇಳಲಿಲ್ಲ. ಅಲ್ತಾಫ್ ಮಾತ್ರ ಸಂಕೋಚದಿಂದ, "ಮಾವ, ಆ ಸೈಕಲ್ ಸುಮ್ಮನೆ ಇಟ್ರೆ ಹಾಳಾಗ್ತದೆ, ನಾನು ತುಳಿಯಬಹುದಾ?" ಎಂದ. ಈಗ ಅವನು ಅದರಲ್ಲೇ ಉಜಿರೆಗೆ ಹೋಗಿ ಬರುತ್ತಾನೆ. ನಾನು ಶಾಹಿನಾ ಬಿಟ್ಟುಹೋದ, ಮುಂದೆ ಬುಟ್ಟಿಯಿರುವ ಲೇಡೀಸ್ ಸೈಕಲ್ ತುಳಿಯುತ್ತೇನೆ. ಅದರಲ್ಲಿ ನನ್ನ ಎರಡೂ ಕಾಲು ನೆಲಕ್ಕೆ ತಾಗುತ್ತವೆ. ಯಾರು ಕೂಗಿದರೂ ನಿಲ್ಲುತ್ತೇನೆ, ಕೂಗದಿದ್ದರೂ ನಿಲ್ಲುತ್ತೇನೆ. ಭಾಸ್ಕರಣ್ಣ ಮೋರಿಯ ಮೇಲೆ ಕುಳಿತು "ಬಂದ್ರಾ?" ಎನ್ನುತ್ತಾರೆ.

ಆದರೆ ಊರು ಸುಮ್ಮನಿರಬೇಕಲ್ಲ. "ಅಳಿಯನಿಗೆ ಕಾರು ಕೊಟ್ಟವರುಂಟು, ಬೈಕು ಕೊಟ್ಟವರುಂಟು. ಈ ಬಟ್ಟೆ ಅಂಗಡಿಯವ ಸೈಕಲ್ ಕೊಟ್ಟನಲ್ಲ! ಅದಕ್ಕೂ ಒಂದು ಸ್ಟ್ಯಾಂಡಿಲ್ಲ!" ಎಂದು ಬಿ.ಸಿ. ರೋಡಿನಿಂದ ಬೆಳ್ತಂಗಡಿವರೆಗೆ ಮಾತಾಯಿತು. ನಾನು ಜಿಪುಣನಲ್ಲ ಎಂದು ಸಾಧಿಸಬೇಕಾದರೆ ಆ ಸೈಕಲ್ಲಿನ ಬೆಲೆ ಹೇಳಬೇಕು. ಬೆಲೆ ಹೇಳಿದರೆ ಮೈಮುನಾಳಿಗೆ ಗೊತ್ತಾಗುತ್ತದೆ. ಆಲೋಚನೆ ಮಾಡಿ ಜಿಪುಣನಾಗಿಯೇ ಉಳಿದೆ.

ಮೊನ್ನೆ ಊಟಕ್ಕೆ ಕುಳಿತಾಗ ಮೈಮುನಾಳೇ ಮಾತು ತೆಗೆದಳು. "ಕೇಳಿ, ಜನ ಏನೇನೋ ಹೇಳ್ತಾರೆ, ನನಗೆ ನಾಚಿಕೆಯಾಗ್ತದೆ. ಆ ಪ್ಲಾಸ್ಟಿಕ್‌ನದ್ದು ಸಾಕು. ಅಳಿಯನಿಗೆ ಒಂದು ಒಳ್ಳೆಯ ಕಬ್ಬಿಣದ ಸೈಕಲ್ ತೆಗೆದುಕೊಡಿ. ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಇರುವಂಥದ್ದು."

"ಆಗ್ಲಿ, ನಾಳೆಯೇ ಹೋಗಿ ತರ್ತೇನೆ," ಎಂದೆ.

"ನೀವೊಬ್ಬರೇ ಹೋಗ್ಬೇಡಿ," ಎಂದಳು ಅವಳು ನನ್ನ ತಟ್ಟೆಗೆ ಸಾರು ಬಡಿಸುತ್ತ. "ಅಳಿಯನನ್ನು ಕರ್ಕೊಂಡು ಹೋಗಿ. ಅಳತೆ ನಿಮಗೆ ಗೊತ್ತಾಗುವುದಿಲ್ಲ."